ನೀಲಿ ಚೀಟಿಯ ಇಲಿಗಳು

ಇಲಿಗಳಿಗೆ ಸಿಕ್ಕಿದ್ದು ಅಕ್ಕನಿಗೆ ಸಿಗಲಿಲ್ಲವಲ್ಲ ಎಂಬುದೇ ತಂಗಿಯ ಹೊಟ್ಟೆಯಲ್ಲಿ ಮೊದಲು ಹೊತ್ತಿಕೊಂಡ ಕಿಚ್ಚು.

ಮರೆವಿನ ಕಾಯಿಲೆ ಬರಲೆಂದೇ ಹುಟ್ಟಿಸಿದ ಇಲಿಗಳು ಅವು. ಅವುಗಳಿಗೆ ಬೆಚ್ಚನೆಯ ಕೋಣೆ, ಸೋಸಿದ ಗಾಳಿ, ಮೆತ್ತನೆಯ ಮರದ ಪುಡಿಯ ಹಾಸಿಗೆ. ಅರ್ಧದಷ್ಟು ಇಲಿಗಳಿಗೆ ಆಹಾರದ ಉಂಡೆಯಲ್ಲೇ ಬೆರೆಸಿದ ಔಷಧ. ಅದೇನೂ ಸಂಜೀವಿನಿಯಲ್ಲ. ಮಂಡಿ ಊದಿಕೊಂಡರೆ, ಹಲ್ಲು ನೋವು ಬಂದರೆ ಜನ ಅಂಗಡಿಯಿಂದ ತಂದು ನುಂಗುವ ಮಾತ್ರೆ. ಊತ ಇಳಿಸುವ ಆ ಮಾತ್ರೆ ಮಿದುಳಿನ ಊತವನ್ನೂ ಇಳಿಸಿ ಮರೆವನ್ನು ತಡೆದೀತೇ ಎಂದು ನೋಡುವುದು ಪ್ರಯೋಗಾಲಯದ ಮೇಡಂ ಕೆಲಸ. ಇಲಿಗಳಿಗೆ ಉಣಿಸುವುದು, ತೂಕ ನೋಡುವುದು, ಪಂಜರ ಬದಲಿಸುವುದು ಅವಳ ಕೆಲಸ.

ಅಂಗಡಿಯಲ್ಲೇ ಸಿಗುವುದಾದರೆ ತಂದುಕೊಡಬಾರದೇ ಎಂದು ಯಾರಾದರೂ ಕೇಳಬಹುದು. ತಂದುಕೊಟ್ಟಿದ್ದಳು. ಪುಡಿ ಮಾಡುವಾಗ ಬೆರಳಿಗೆ ಮೆತ್ತಿದ್ದನ್ನು ನಾಲಿಗೆಗೆ ಹಚ್ಚಿ ನೋಡಿದ್ದಳು. ಕಹಿ ಎಂದರೆ ಕಹಿ, ಗಂಟಲಿಗೇ ಹತ್ತಿ ಕೂತಿತ್ತು. ಬೆಲ್ಲದ ನೀರಲ್ಲಿ ಕಲಸಿ, ಅದೇ ಮರೆವು ಹತ್ತಿದ್ದ ಅಕ್ಕನಿಗೆ ಕುಡಿಸಿದಳು. ಒಂದು ವಾರ ಕಳೆಯುವುದರೊಳಗೆ ಅಕ್ಕ ರಕ್ತ ಕಾರಿಕೊಂಡಳು. "ಹೊಟ್ಟೇಲಿ ಹಳೇ ಹುಣ್ಣಿದೆ. ಇನ್ನೊಂದು ವಾರ ಕೊಟ್ಟಿದ್ರೆ ನಿಮ್ಮಕ್ಕ ಉಳೀತಿರಲಿಲ್ಲ. ನೀವೇನು ಡಾಕ್ಟರಾ?" ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲರೆದುರು ಬೈದರು. ತಪ್ಪು ಮಾಡದೆಯೂ ತಪ್ಪಿತಸ್ಥೆಯಂತೆ ಬದುಕುವ ಜಾತಿಯವಳು ಅವಳು. ಬೀಗ ಹಾಕಿ ಬೀದಿ ತುದಿಗೆ ಹೋಗಿ, ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ಎಳೆದು ನೋಡುವವಳು. ಅಂಥವಳು ನಿಜವಾಗಿಯೂ ತಪ್ಪು ಮಾಡಿದಾಗ ಹೇಗಿರಬೇಡ.

ಇನ್ನೊಂದು ದಾರಿ ಇತ್ತು. ಇಲಿಗಳಲ್ಲಿ ಫಲ ಕಂಡರೆ ಅದೇ ಔಷಧವನ್ನು ಮನುಷ್ಯರಿಗೆ ಕೊಟ್ಟು ನೋಡಲು ಒಂದು ಆಸ್ಪತ್ರೆ ಸಿದ್ಧವಾಗಿತ್ತು. ಅಲ್ಲಿ ಹೊಟ್ಟೆ ಕಾಯುವ ಮದ್ದು ಜೊತೆಗೇ ಕೊಡುತ್ತಾರೆ, ದಿನವೂ ನೋಡಿಕೊಳ್ಳಲು ಡಾಕ್ಟರು ಇರುತ್ತಾರೆ. ಮೇಡಂ ಅಕ್ಕನ ಹೆಸರನ್ನು ಆಗಲೇ ಹೇಳಿಯೂ ಇಟ್ಟಿದ್ದರು.

"ಇಲೀಲಿ ಆಗಿದ್ದು ಮನುಷ್ಯರಲ್ಲೂ ಆಗುತ್ತೆ ಅಂತ ನಾನು ಹೇಳಲ್ಲಮ್ಮ. ಆದ್ರೆ ಇಲೀಲೇ ಆಗದೇ ಇದ್ರೆ ಅವರು ಬಾಗಿಲೇ ತೆಗೆಯಲ್ಲ. ನಿಮ್ಮಕ್ಕ ಈಗ ಇರೋ ಹಂತದಲ್ಲೇ ಸೇರಬೇಕು. ಮುಂದೆ ಹೋದ್ರೆ ತಗೊಳ್ಳಲ್ಲ," ಎಂದಿದ್ದರು.

ಅಕ್ಕನೋ, ದಿನಕ್ಕೊಂದು ಮೆಟ್ಟಿಲು ಇಳಿಯುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವಳು ಅಕ್ಕ. ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ, "ನಾನು ಹೊಲೀತೀನಿ, ನೀನು ಓದು" ಎಂದು ಸಂಜೆ ತರಗತಿಗೆ ಕಳಿಸಿದವಳು. ಈಗಲೂ ಬೆಳಗ್ಗೆ ಎದ್ದ ಕೂಡಲೇ ಅಳತೆಯ ಟೇಪು ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ತಂಗಿ ಕೆಲಸದಿಂದ ಬಂದರೆ ಬಾಗಿಲಲ್ಲೇ ತಡೆದು, "ನಿನ್ ಬಟ್ಟೆ ಇನ್ನೂ ಆಗಿಲ್ಲಮ್ಮ, ನಾಳೆ ಬಾ" ಎನ್ನುವಳು. ಕೆಲವು ದಿನ ಮಾತ್ರ ಕಣ್ಣು ತಿಳಿಯಾಗಿ, "ಚಿನ್ನಿ, ಯಾಕೇ ಇಷ್ಟು ಸೊರಗಿದೀಯಾ?" ಎಂದು ಗಲ್ಲ ಹಿಡಿಯುವಳು. ಆ ಒಂದು ದಿನದ ಆಸೆಗೆ ತಂಗಿ ಉಳಿದ ದಿನಗಳನ್ನು ದಾಟುತ್ತಿದ್ದಳು.

ಊಟದ್ದೇ ದೊಡ್ಡ ಪಾಡು. ನಾಲ್ಕು ತುತ್ತು ತಿಂದು ಅಕ್ಕ ಕೈ ಹಿಂದೆಳೆದುಕೊಳ್ಳುವಳು. ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯುವುದು. "ಉಪ್ಪು ಹೆಚ್ಚಾಯ್ತೇನಕ್ಕಾ? ಖಾರ ಆಯ್ತಾ?" ಎಂದು ಇವಳು ಕೇಳುವಳು. ಅಕ್ಕ ಸುಮ್ಮನೆ ನಗುವಳು. ತನ್ನ ಕೈಗುಣವೇ ಸರಿಯಿಲ್ಲ ಎಂದು ಇವಳು ದಿನಕ್ಕೊಂದು ಬಗೆಯಲ್ಲಿ ಬೇಯಿಸಿ ನೋಡಿದಳು. ಏನು ಮಾಡಿದರೂ ಅಷ್ಟೇ.

ಪ್ರಯೋಗಾಲಯದಲ್ಲಿ ಪಂಜರಗಳು ಎರಡು ಬಗೆ: ಕೆಲವಕ್ಕೆ ನೀಲಿ ಚೀಟಿ, ಕೆಲವಕ್ಕೆ ಹಳದಿ. ಆಹಾರವೂ ಎರಡು ಬಣ್ಣದ ಚೀಲಗಳಲ್ಲಿ ಬರುತ್ತಿತ್ತು. ಒಂದರಲ್ಲಿ ಔಷಧ, ಇನ್ನೊಂದರಲ್ಲಿ ಬರೀ ಸಾದಾ ಉಂಡೆ. ಯಾವುದು ಯಾವುದೆಂದು ಮೇಡಂಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ ಎಂದು ಆ ಗುಟ್ಟನ್ನು ಪಕ್ಕದ ಕಟ್ಟಡದಲ್ಲಿ ಅಂಕಿಅಂಶ ನೋಡುವ ಲೆಕ್ಕದವರ ಬಳಿ ಮುಚ್ಚಿಟ್ಟಿದ್ದರು.

ಮೊದಲು ಗಮನಿಸಿದ್ದು ಪಂಜರ ತೊಳೆಯುವವನು. ಬಾಯಿ ಮುಚ್ಚದ ಆಸಾಮಿಯಾದ್ದರಿಂದ ಎಲ್ಲರೂ ಅವನನ್ನು ರೇಡಿಯೋ ಎನ್ನುತ್ತಿದ್ದರು.

"ಅಲ್ಲಾ ತಂಗ್ಯಮ್ಮ, ಈ ನೀಲಿಯವಕ್ಕೆ ಏನು ಬಂದಿದೆ? ಕೆರೆದು ಕೆರೆದು ನನ್ನ ಕೈ ಬಿದ್ದೋಯ್ತು. ಅರ್ಧ ತಿಂದು ಅರ್ಧ ಪುಡೀಲೇ ಬಿಟ್ಟಿವೆ. ಮದುವೆ ಗೊತ್ತಾಗಿದೆಯೋ ಏನೋ, ಸಣ್ಣ ಆಗ್ತಾ ಇವೆ!"

"ಹಳದಿಯವು?"

"ಅವಾ? ನಮ್ಮ ಭಾವನ ಹಾಗೆ. ತಟ್ಟೆ ನೆಕ್ಕಿಟ್ಟಿರ್ತವೆ."

ಅವಳ ಗಂಟಲಲ್ಲಿ ಆ ಹಳೆಯ ಕಹಿ ಮತ್ತೆ ಎದ್ದಿತು. ನೀಲಿ ಎಂದರೆ ಔಷಧ. ಇನ್ನೇನು ಬೇಕು ಸಾಕ್ಷಿಗೆ? ಉಂಡೆಯನ್ನೇ ನಾಲಿಗೆಗೆ ಹಚ್ಚಿ ನೋಡೋಣವೆಂದುಕೊಂಡಳು. ಆದರೆ ಪ್ರಾಣಿಗಳ ಕೋಣೆಯಲ್ಲಿ ಏನನ್ನೂ ಬಾಯಿಗೆ ಹಾಕಬಾರದೆಂದು ಗೋಡೆಯ ಮೇಲೆ ಬರೆದಿತ್ತು. ಬರೆದಿದ್ದನ್ನು ಮೀರುವವಳಲ್ಲ ಅವಳು.

ಇಲಿಗಳ ನೆನಪು ನೋಡುವ ನೀರಿನ ತೊಟ್ಟಿಯಲ್ಲಿ ಈಜಿನ ರೂಢಿ ಶುರುವಾದಾಗ ಭಯ ಗಟ್ಟಿಯಾಯಿತು. ಬಿಳಿ ಕದಡಿದ ನೀರಿನಲ್ಲಿ ಕಣ್ಣಿಗೆ ಕಾಣದಂತೆ ಒಂದು ಪುಟ್ಟ ಕಟ್ಟೆ. ನೆನಪಿರುವ ಇಲಿ ನೇರ ಅಲ್ಲಿಗೆ ಈಜಿ ಹತ್ತಿ ಕೂರುತ್ತದೆ. ನೆನಪಿಲ್ಲದ್ದು ಸುತ್ತುತ್ತದೆ. ಕ್ಯಾಮೆರಾ ಹಾಕಿ ದಾಖಲಿಸುವುದು ಕೊನೆಯ ಈಜನ್ನು ಮಾತ್ರ. ಅಲ್ಲಿಯವರೆಗೆ ಇಲಿಗಳನ್ನು ನೀರಿಗೆ ಬಿಟ್ಟು, ಎತ್ತಿ, ಟವೆಲಿನಲ್ಲಿ ಒರೆಸುವವಳು ಅವಳೇ. ಹಳದಿಯವು ಮನೆಗೆ ಹೋಗುವಂತೆ ನೇರ ಹೋದವು. ನೀಲಿಯವು ಗೋಡೆಗುಂಟ ಸುತ್ತಿ ಸುತ್ತಿ ಸುಸ್ತಾಗಿ ಅವಳ ಅಂಗೈಯಲ್ಲಿ ನಡುಗಿದವು. ಹಿಂದಿನ ತಿಂಗಳು ಅಕ್ಕ ಬೀದಿ ತಪ್ಪಿ, ಮನೆಯ ಮುಂದೆಯೇ ಮೂರು ಸಲ ಹಾದು ಹೋಗಿದ್ದಳೆಂದು ಅಂಗಡಿಯವನು ಹೇಳಿದ್ದು ನೆನಪಾಯಿತು.

ಅವಳು ಮೇಡಂ ಬಳಿ ಹೋದಳು. ಪ್ರಾಮಾಣಿಕವಾಗಿಯೇ ಹೋದಳು.

"ಮೇಡಂ, ನೀಲಿಯವು ಸರಿಯಾಗಿ ತಿಂತಾ ಇಲ್ಲ. ನನಗನ್ಸುತ್ತೆ ಅದರಲ್ಲಿ..."

"ಬೇಡ!" ಮೇಡಂ ಎರಡೂ ಕೈ ಎತ್ತಿ ತಡೆದರು. "ಯಾವ ಬಣ್ಣದಲ್ಲಿ ಏನಿದೆ ಅಂತ ಊಹೆ ಮಾಡ್ಬೇಡಿ, ಮಾಡಿದ್ರೂ ನನ್ನ ಕಿವಿಗೆ ಹಾಕ್ಬೇಡಿ. ತೂಕ ನೋಡ್ತಾ ಇರಿ. ತೀರಾ ಇಳಿದ್ರೆ ಮಾತ್ರ ಹೇಳಿ."

ತೀರಾ ಇಳಿದಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು ಬಂದಳು. ಪಾಪ ಅಂಕುರಿಸಿದ್ದು ಆ ಗಳಿಗೆಯಲ್ಲಿ. ಇಲಿಗಳು ಕಹಿಯೆಂದು ಔಷಧವನ್ನು ತಿಂದೇ ಇಲ್ಲ. ತಿನ್ನದ ಔಷಧ ಸೋತಿತೆಂದರೆ ಅದು ಯಾವ ನ್ಯಾಯ? ನಾಳೆ ಆಸ್ಪತ್ರೆಯ ಬಾಗಿಲು ಮುಚ್ಚುವುದು ಔಷಧದ ತಪ್ಪಿಗಲ್ಲ, ಇಲಿಯ ನಾಲಿಗೆಗೆ. ತಾನು ಮಾಡಹೊರಟಿದ್ದು ಮೋಸವಲ್ಲ, ತಿದ್ದುಪಡಿ. ಹೀಗೆ ತನಗೆ ತಾನೇ ವಕೀಲಿ ಮಾಡಿಕೊಂಡಳು. ಇನ್ನೆಷ್ಟೋ ಜನರ ಅಕ್ಕಂದಿರು ಆ ಮಾತ್ರೆ ನುಂಗಬೇಕಲ್ಲ ಎಂಬ ಯೋಚನೆ ಬಂದಾಗಲೆಲ್ಲ ಒಲೆ ಆರಿಸಿದೆನೋ ಇಲ್ಲವೋ ನೋಡಲು ಎದ್ದು ಹೋಗುತ್ತಿದ್ದಳು.

ಉಪಾಯ ಸರಳವಾಗಿತ್ತು, ಸರಳವಾಗಿದ್ದರಿಂದಲೇ ಅವಳಿಗೆ ಅದರ ಮೇಲೆ ಭರವಸೆ. ವಾರಕ್ಕೊಮ್ಮೆ ಕೊಳೆ ಪಂಜರದಿಂದ ಇಲಿಗಳನ್ನು ಎತ್ತಿ ತೊಳೆದ ಪಂಜರಕ್ಕೆ ಬಿಡಬೇಕು. ಆಗ ಹಳೆಯ ಪಂಜರದ ಚೀಟಿಯನ್ನು ತೆಗೆದು ಹೊಸದಕ್ಕೆ ಸಿಕ್ಕಿಸಬೇಕು. ಇಲಿ ಯಾರೆಂದು ಹೇಳುವುದು ಆ ಚೀಟಿಯೊಂದೇ. ಕಿವಿಯಲ್ಲಿ ಕಚ್ಚುಗಳಿದ್ದವು ನಿಜ. ಆದರೆ ಅವು ಒಂದು ಪಂಜರದೊಳಗಿನ ಗುರುತು, ಎಲ್ಲ ಪಂಜರಗಳಲ್ಲೂ ಅವೇ ಕಚ್ಚುಗಳು. ಕಚ್ಚು ಹಾಕಿದವಳೂ ಅವಳೇ. ಕಪಾಟಿನಲ್ಲಿ ಎಲ್ಲಕ್ಕೂ ಒಂದೇ ಬೆಳಕು ಸಿಗಲೆಂದು ನೀಲಿ, ಹಳದಿ ಪಕ್ಕಪಕ್ಕದಲ್ಲೇ ಇರುತ್ತಿದ್ದವು. ನೆರೆಮನೆಯವರು ಬಾಗಿಲ ಮೇಲಿನ ಹೆಸರಿನ ಹಲಗೆ ಅದಲು ಬದಲು ಮಾಡಿಕೊಂಡಂತೆ, ಚೀಟಿ ಬದಲಾದರೆ ಇಲಿಯ ಪೂರ್ವಾಪರವೇ ಬದಲು. ತೂಕ ನೋಡಿ ಹೇಳುವವಳು ಅವಳು. ಎರಡು ಗ್ರಾಂ ಅತ್ತಿತ್ತ ಮಾಡುವುದು ಎಷ್ಟರ ಮಾತು. ಕೊನೆಗೆ ಇಲಿಗಳನ್ನು ಕೊಂದು ಮಿದುಳು ಸೀಳಿ ನೋಡುತ್ತಾರೆ. ನೋಡಲಿ. ಮಿದುಳೂ ಚೀಟಿಯ ಹಿಂದೆಯೇ ಹೋಗುತ್ತದೆ. ಈಜು, ತೂಕ, ಮಿದುಳು ಮೂರೂ ಒಂದೇ ಸುಳ್ಳನ್ನು ಹೇಳಿದರೆ ಅದು ನಿಜವಲ್ಲದೆ ಮತ್ತೇನು?

ಕೊನೆಯ ಈಜಿನ ಹಿಂದಿನ ದಿನ, ನಡುಮಧ್ಯಾಹ್ನ, ಎಲ್ಲರ ಕಣ್ಣೆದುರಿಗೇ ಅದನ್ನು ಮಾಡಿ ಮುಗಿಸಿದಳು. ಕೈಗವಸು ಹಾಕಿಕೊಂಡಿದ್ದಳು, ಬೆರಳಚ್ಚಿಗೆ ಹೆದರಿ ಅಲ್ಲ, ಇಲಿಗಳಿಗೆ ಸೋಂಕು ತಗಲಬಾರದೆಂದು. ಚುರುಕಾದ ಇಲಿಗಳ ಪಂಜರಕ್ಕೆ ನೀಲಿ ಚೀಟಿ. ಮರೆತ ಇಲಿಗಳದ್ದಕ್ಕೆ ಹಳದಿ. ಗಾಜಿನ ಆಚೆ ರೇಡಿಯೋ ಪಂಜರ ತೊಳೆಯುತ್ತ ಕೈ ಬೀಸಿದ. ಅವಳೂ ಬೀಸಿದಳು. ಎಲ್ಲ ಮುಗಿಸಿ ಬಾಗಿಲವರೆಗೆ ಹೋದವಳು ವಾಪಸು ಬಂದು ಪ್ರತಿ ಚೀಟಿಯೂ ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿದಳು.

"ನಾಳೆ ನಮ್ಮ ಹುಡುಗರ ಪರೀಕ್ಷೆ ಅಲ್ವಾ ತಂಗ್ಯಮ್ಮ? ಪಾಸಾಗ್ತಾವಾ?" ರೇಡಿಯೋ ಕೂಗಿದ.

"ಆಗ್ತವೆ ಅಣ್ಣಾ," ಎಂದಳು. ಅಷ್ಟು ಖಚಿತವಾಗಿ ಅವಳು ಈ ಜನ್ಮದಲ್ಲಿ ಏನನ್ನೂ ಹೇಳಿರಲಿಲ್ಲ.

ಪಾಸಾದವು. ನೀಲಿ ಚೀಟಿಯವು ಕ್ಯಾಮೆರಾದ ಕೆಳಗೆ ಬಾಣದಂತೆ ಈಜಿದವು. ಹಳದಿಯವು ಸುತ್ತಿದವು. ಇಲಿಗಳನ್ನು ಕೊಲ್ಲುವ ದಿನ ಅವಳು ರಜೆ ಹಾಕಿ ಅಕ್ಕನ ತಲೆ ಬಾಚುತ್ತ ಕೂತಳು. "ಆಸ್ಪತ್ರೆಗೆ ಸೇರಿಸ್ತೀನಿ ಅಕ್ಕಾ. ಆಮೇಲೆ ನೀನು ನನಗೇ ಹೊಲ್ಕೊಡಬೇಕು," ಎಂದಳು. "ಹೊಲೀತೀನಿ, ನೀನು ಓದು," ಎಂದಳು ಅಕ್ಕ, ಕನ್ನಡಿಯಲ್ಲಿ ಯಾರನ್ನೋ ನೋಡುತ್ತ.

ಗುಟ್ಟು ಬಿಚ್ಚುವ ದಿನ ಮೇಡಂ ಅವಳನ್ನೂ ಕೋಣೆಗೆ ಕರೆದರು. ಲೆಕ್ಕದವರು ಕನ್ನಡಕ ಏರಿಸಿಕೊಂಡು, "ಔಷಧ ಇದ್ದದ್ದು ಹಳದಿಯಲ್ಲಿ. ನೀಲಿ ಸಾದಾ," ಎಂದರು.

ಮೇಡಂ ಪರದೆಯ ಮೇಲಿನ ಎರಡು ಸಾಲುಗಳನ್ನು ಬೆರಳಿಟ್ಟು ಹೋಲಿಸಿದರು. "ಹಾಗಾದ್ರೆ ಔಷಧ ತಿಂದವೇ ಹೆಚ್ಚು ಮರೆತಿವೆ. ಸಹಾಯ ಇರಲಿ, ಕೆಡುಕೇ ಮಾಡಿದೆ. ಇದನ್ನ ಮನುಷ್ಯರಿಗೆ ಕೊಡೋ ಮಾತೇ ಇಲ್ಲ."

"ಹಳದಿ ಹೇಗಾಗುತ್ತೆ ಮೇಡಂ? ಕಹಿಗೆ ನೀಲಿಯವು ತಿಂತಾನೇ ಇರಲಿಲ್ಲ..."

"ಕಹಿ ಗೊತ್ತಾಗಬಾರದು ಅಂತಲೇ ಔಷಧಕ್ಕೆ ಲೇಪ ಹಾಕಿಸಿದ್ದೆ ಕಣಮ್ಮ. ಚೀಲ ಕಟ್ಟೋ ಮುಂಚೆ ಎರಡನ್ನೂ ನಾನೇ ಬಾಯಿಗೆ ಹಾಕ್ಕೊಂಡು ನೋಡಿದ್ದೆ. ಎರಡೂ ಒಂದೇ ರುಚಿ."

"ಮೇಡಂ, ಚೀಟಿ... ಚೀಟಿಗಳನ್ನ ನಾನೇ..."

ಮೇಡಂ ಎದ್ದು ಬಂದು ಅವಳ ಹೆಗಲು ಹಿಡಿದರು. ಅವರ ಕಣ್ಣಲ್ಲೂ ನೀರಿತ್ತು. "ಗೊತ್ತು. ನಿಮ್ಮಕ್ಕನಿಗೋಸ್ಕರ ಏನು ಬೇಕಾದ್ರೂ ಹೇಳ್ತೀರ. ನಾನಾದ್ರೂ ಹೇಳ್ತಿದ್ದೆ. ಈ ಮದ್ದು ಅವರಿಗೆ ಸಿಗದೇ ಇದ್ದದ್ದೇ ಪುಣ್ಯ ಅಂದ್ಕೊಳ್ಳಿ. ಹೋಗಿ, ಮನೆಗೆ ಹೋಗಿ."

ನೇರ ಈಜಿದ್ದು ಔಷಧ ತಿಂದ ಇಲಿಗಳೇ ಎಂದು ಹೇಳಿದರೂ ತೋರಿಸುವುದಕ್ಕೆ ಏನಿತ್ತು? ಇಲಿಗಳಿರಲಿಲ್ಲ. ಮಿದುಳುಗಳು ಸೀಳಲೆಂದು ಎರೆದ ಮೇಣದಲ್ಲಿದ್ದವು, ಒಂದೊಂದರ ಮೇಲೂ ಅವಳೇ ಕೊಟ್ಟ ಬಣ್ಣ. ಅವಳ ಕೆಲಸದಲ್ಲಿ ಎಂದೂ ತಪ್ಪಾಗುವುದಿಲ್ಲವೆಂದು ಇಡೀ ಪ್ರಯೋಗಾಲಯಕ್ಕೆ ಗೊತ್ತಿತ್ತು. ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಅವಳನ್ನು ಕೊರೆಯಿತು. ರುಚಿ ಒಂದೇ ಆಗಿದ್ದರೆ ನೀಲಿಯವು ಯಾಕೆ ತಿನ್ನಲಿಲ್ಲ?

ಮನೆಯಲ್ಲಿ ಅಕ್ಕನ ಮುಂದೆ ತಟ್ಟೆ ಇಟ್ಟಳು. ಅಕ್ಕ ಹಸಿದವಳಂತೆ ನಾಲ್ಕು ತುತ್ತು ತಿಂದಳು, ಐದನೆಯದಕ್ಕೆ ಕೈ ಅರ್ಧದಲ್ಲೇ ನಿಂತಿತು, ಮೆಲ್ಲಗೆ ಮಡಿಲಿಗೆ ಇಳಿಯಿತು. "ಯಾಕಕ್ಕಾ, ಕಹಿಯಾಯ್ತಾ?" ಎಂದು ಇವಳು ರೂಢಿಯಂತೆ ಕೇಳಿದಳು. "ಚೆನ್ನಾಗಿದೆ ಕಣಮ್ಮ," ಎಂದಳು ಅಕ್ಕ. ಆಮೇಲೆ ಕಿಟಕಿಯತ್ತ ನೋಡಿ, ಅಪರಿಚಿತರ ಮನೆಯಲ್ಲಿ ಕೇಳುವಂತೆ ಸಂಕೋಚದಿಂದ, "ತುಂಬ ಹಸಿವು. ಊಟಕ್ಕೆ ಹೊತ್ತಾಗುತ್ತಾ?" ಎಂದಳು. ತಟ್ಟೆ ಅವಳ ಮುಂದೆಯೇ ಇತ್ತು. ತಂಗಿ ಆ ಕೈಯನ್ನು ಹಿಡಿದು ತಟ್ಟೆಯೊಳಗೆ ಇಟ್ಟಳು. ಕೈಗೆ ನೆನಪಾಯಿತು, ಅಕ್ಕ ಗಬಗಬ ತಿಂದಳು, ಮತ್ತೆ ನಿಂತಳು. ನೀಲಿ ಪಂಜರದ ಉಂಡೆಗಳಲ್ಲಿ ಕಹಿಯೇ ಇರಲಿಲ್ಲ. ಔಷಧ ಸಿಗದ ಆ ಇಲಿಗಳು, ಹಸಿದುಕೊಂಡೇ, ತಾವು ತಿನ್ನುತ್ತಿದ್ದೇವೆಂಬುದನ್ನು ಮರೆತಿದ್ದವು.