ಅರವತ್ತು ಇರಬೇಕಿದ್ದಲ್ಲಿ ನೂರಿಪ್ಪತ್ತು

"ನಾಳೆ ಸಂಜೆಯೊಳಗೆ ಊರು ಬಿಡ್ಬೇಕಂತೆ ಅಕ್ಕಾ. ಹಂದಿ, ಕೋಳಿ, ಗೆಡ್ಡೆ ತೋಟ ಎಲ್ಲ ಇಲ್ಲೇ ಬಿಟ್ಟು," ಎಂದು ಟಿನೆಯಿ ಕಂಬಕ್ಕೆ ಒರಗಿ ಕೂತಳು. ಅವಳ ಮಡಿಲಲ್ಲಿ ಮಗು ನಿದ್ದೆ ಹೋಗಿತ್ತು.

ಲಾಂಗಿ ಒಲೆಯ ಮೇಲಿದ್ದ ದೀವಿಹಲಸನ್ನು ಇಳಿಸಿ ದೊಡ್ಡಮ್ಮನ ಮುಖ ನೋಡಿದಳು. ದೊಡ್ಡಮ್ಮ ಫುವಾತಿನೊ ಆಕ್ಲೆಂಡಿನಲ್ಲಿ ಇಪ್ಪತ್ತೆರಡು ವರ್ಷ ಗಾಡಿಗಳ ವೈರಿಂಗ್ ಕೆಲಸ ಮಾಡಿ ಸವಾಯಿ ದ್ವೀಪದ ಈ ಊರಿಗೆ ಹಿಂದಿರುಗಿದವಳು. ಊರಲ್ಲಿ ಏನು ಕೆಟ್ಟರೂ, ಏನು ಕಳೆದರೂ ಜನ ಅವಳ ಬಳಿಗೇ ಬರುತ್ತಿದ್ದರು. ಟಾರ್ಚ್ ಹಿಡಿಯುವುದು, ಕಂಡದ್ದನ್ನು ನೆನಪಿಟ್ಟುಕೊಳ್ಳುವುದು ಲಾಂಗಿಯ ಕೆಲಸ.

ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ. ಟಿನೆಯಿಯ ಗಂಡ ಅವುಕುಸೊ ಮಹಿಳಾ ಸಮಿತಿಯ ವ್ಯಾನಿನ ಡ್ರೈವರು. ಹೋದ ಮಂಗಳವಾರ ಹೆರಿಗೆ ನೋವಿನ ತೆಲೆಸಿಯಾಳನ್ನು ಆಸ್ಪತ್ರೆಗೆ ಒಯ್ಯುವಾಗ ಏರುದಾರಿಯಲ್ಲಿ ವ್ಯಾನು ನಿಂತುಬಿಟ್ಟಿತು. ಇನ್ನೊಂದು ಗಾಡಿ ಬರುವಷ್ಟರಲ್ಲಿ ತಾಯಿ, ಮಗು ಇಬ್ಬರೂ ಉಳಿದಿರಲಿಲ್ಲ. ಗಾಡಿಯನ್ನು ಸರಿಯಾಗಿ ನೋಡಿಕೊಳ್ಳದ ತಪ್ಪಿಗೆ ಊರ ಸಭೆ ಅವುಕುಸೊನ ಕುಟುಂಬಕ್ಕೆ ಬಹಿಷ್ಕಾರ ಹಾಕಿತ್ತು.

"ಪೇಟೆ ಮೆಕ್ಯಾನಿಕ್ ಏನಂದ?" ಫುವಾತಿನೊ ಕೇಳಿದಳು.

"ಇಂಜಿನ್ ಕಂಪ್ಯೂಟರ್ ಬದಲಾಯಿಸ್ದ. ಆದ್ರೂ ಗಾಡಿ ಹೋಗ್ಲಿಲ್ಲ. ಡ್ರೈವರ್‌ದೇ ದೋಷ ಅಂದ."

"ಗಾಡಿಗೆ ಬಾಯಿಲ್ಲ, ಡ್ರೈವರ್‌ಗೆ ಬೆಂಬಲ ಇಲ್ಲ. ಸುಲಭ ಆಯ್ತಲ್ಲ ಅವನಿಗೆ," ಎಂದು ಫುವಾತಿನೊ ಎದ್ದಳು.

ವ್ಯಾನು ಸಭಾಮನೆಯ ಪಕ್ಕ ನಿಂತಿತ್ತು. ಫುವಾತಿನೊ ಪರೀಕ್ಷಾ ಯಂತ್ರ ಸಿಕ್ಕಿಸಿದಳು. ಇಂಜಿನ್, ಬ್ರೇಕು, ಸ್ಪೀಡ್ ಮೀಟರು, ಎಲ್ಲದರದೂ ಒಂದೇ ದೂರು: ಗೇರ್‌ಬಾಕ್ಸಿನ ಮಾತು ಕೇಳಿಸುತ್ತಿಲ್ಲ.

"ಹಾಗಾದ್ರೆ ಗೇರ್‌ಬಾಕ್ಸೇ ಕೆಟ್ಟಿದೆ," ಎಂದಳು ಲಾಂಗಿ.

"ಮೂಕನೋ, ಅಥವಾ ಯಾರೋ ಬಾಯಿ ಕಟ್ಟಿದಾರೋ? ಇದರೊಳಗಿರೋ ಪುಟ್ಟ ಕಂಪ್ಯೂಟರ್‌ಗಳೆಲ್ಲ ಮಾತಾಡೋದು ಒಂದು ಜೋಡಿ ತಂತಿ ಮೇಲೆ. ಆ ಜೋಡಿಯ ಎರಡು ತುದೀಲೂ ನೂರಿಪ್ಪತ್ತು ಓಮಿನ ಒಂದೊಂದು ತಡೆ ಇರುತ್ತೆ. ಎರಡೂ ಸಮಾಂತರವಾಗಿ ಸೇರೋದ್ರಿಂದ ತಡೆ ಅರ್ಧ ಆಗಿ, ಮೀಟರ್ ಅರವತ್ತು ತೋರಿಸ್ಬೇಕು."

ಬ್ಯಾಟರಿ ಬಿಚ್ಚಿ ಅಳೆದಾಗ ಮೀಟರು ನೂರಿಪ್ಪತ್ತು ತೋರಿಸಿತು.

"ಒಂದು ತುದಿ ಕಳಚಿಕೊಂಡಿದೆ," ಎಂದಳು ದೊಡ್ಡಮ್ಮ.

ಹೋದ ತಿಂಗಳು ಚರ್ಚಿನ ಹಾಡುಗಾರ ಮಲಾಕಿ ವ್ಯಾನಿಗೆ ಹೊಸ ರೇಡಿಯೋ ಕೂರಿಸಿದ್ದ. ಆಗ ತಂತಿ ಕೆಡಿಸಿರಬಹುದೆಂಬ ಗುಮಾನಿಯಿಂದ ಅದನ್ನು ಬಿಚ್ಚಿ ಪಕ್ಕಕ್ಕಿಟ್ಟರೂ ಮೀಟರು ನೂರಿಪ್ಪತ್ತರಲ್ಲೇ ನಿಂತಿತ್ತು. ಅಲ್ಲಿಗೆ ಮಲಾಕಿಯ ಮೇಲಿನ ಗುಮಾನಿ ಹೋಯಿತು.

ಎಡಸೀಟಿನ ಕೆಳಗಿನ ಹಾಸನ್ನು ಎತ್ತಿದರು. ಅಲ್ಲಿ, ತಂತಿಜೋಡಿಯ ಒಂದು ತುದಿಯಲ್ಲಿದ್ದ ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಹೋಗುವ ಕನೆಕ್ಟರಿನೊಳಗೆ ಹಸಿರು ಕಿಲುಬು ಕಟ್ಟಿ, ಒಂದು ಪಿನ್ನು ಪೂರ್ತಿ ತಿಂದುಹೋಗಿತ್ತು. ಫುವಾತಿನೊ ಸುತ್ತಲಿನ ಬಿಳಿ ಪುಡಿಯನ್ನು ನಾಲಿಗೆಗೆ ಮುಟ್ಟಿಸಿ ಉಗುಳಿದಳು.

"ಉಪ್ಪು. ಮಳೆ ನೀರಲ್ಲ. ಹಾಸು ನೋಡು, ಎಷ್ಟು ಚೆನ್ನಾಗಿ ಉಜ್ಜಿದಾರೆ."

ಹಾಸಿನ ಅಡಿ ಮೂಲೆಯಲ್ಲಿ ಲಾಂಗಿಗೆ ಒಂದು ಮೀನಿನ ಹುರುಪೆ ಸಿಕ್ಕಿತು. ಅವುಕುಸೊನನ್ನು ಕರೆದು ಕೇಳಿದರೆ, ಅವನು ವ್ಯಾನಿನಲ್ಲಿ ಮೀನು ಹಾಕಿದವನೇ ಅಲ್ಲ, ನಲ್ಲಿ ನೀರು ಬಿಟ್ಟು ಬೇರೆ ನೀರಲ್ಲಿ ತೊಳೆದವನೂ ಅಲ್ಲ. ಬೀಗದ ಕೈ ಪಾದ್ರಿಗಳ ಮನೆಯ ಮೊಳೆಯಲ್ಲಿ ತೂಗುತ್ತಿತ್ತು, ಯಾರು ಬೇಕಾದರೂ ಒಯ್ಯಬಹುದಿತ್ತು.

ಮಧ್ಯಾಹ್ನ ಇಬ್ಬರೂ ತೆಲೆಸಿಯಾಳ ಗಂಡ ಪೆಸಮಿನೊನನ್ನು ಮಾತಾಡಿಸಲು ಹೋದರು. ಹೆಂಡತಿಯನ್ನು ಹೂತ ಮನೆಯಂಗಳದಲ್ಲೇ ಅವನು ಕೂತಿದ್ದ.

"ನಡು ದಾರೀಲಿ ನಿಲ್ಲೋವರೆಗೂ ಚೆನ್ನಾಗಿದ್ಲು, ದೊಡ್ಡಮ್ಮ," ಎಂದ ಅವನು. "ಬಸುರಿ ಆದಾಗಿನಿಂದ ಮೀನಿನ ವಾಸನೆ ಬಂದ್ರೆ ವಾಂತಿ. ವ್ಯಾನಲ್ಲಿ ಅದೊಂಚೂರೂ ಇರ್ಲಿಲ್ಲ, ಅಷ್ಟಾದ್ರೂ ಸುಖವಾಗಿ ಕೂತಿದ್ಲು."

ದೊಡ್ಡಮ್ಮ ಎದ್ದು ಹೊರಟಳು.

ಮರುದಿನ ಬೆಳಿಗ್ಗೆ ಸಭಾಮನೆಯಲ್ಲಿ ಹಿರಿಯರು ತಮ್ಮ ತಮ್ಮ ಕಂಬಗಳಿಗೆ ಒರಗಿ ಕೂತರು. ಅವುಕುಸೊ ತಲೆ ತಗ್ಗಿಸಿಕೊಂಡು ಹೊರಗೆ ನಿಂತಿದ್ದ, ಪೆಸಮಿನೊ ಒಳಗೆ ಒಂದು ಅಂಚಿನಲ್ಲಿ ಕೂತಿದ್ದ. ಫುವಾತಿನೊ ಮೀಟರಿನ ಲೆಕ್ಕ, ರೇಡಿಯೋ, ಕಿಲುಬು, ಉಪ್ಪು, ಹುರುಪೆ ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಹೇಳಿದಳು.

"ವ್ಯಾನಲ್ಲಿ ಯಾರೋ ಮೀನು ಸಾಗಿಸಿದಾರೆ. ಆಮೇಲೆ ಸಮುದ್ರದ ನೀರಲ್ಲಿ ತೊಳೆದಿದಾರೆ. ಪಾತ್ರೆ, ಚಾಪೆ, ಹಂದಿ ಕರುಳು ಎಲ್ಲ ನಾವು ತೊಳೆಯೋದು ಸಮುದ್ರದಲ್ಲೇ ತಾನೇ? ಉಪ್ಪು ವಾರಗಟ್ಟಲೆ ಪಿನ್ನು ತಿಂತು. ಏರಿನಲ್ಲಿ ಗೇರ್‌ಬಾಕ್ಸಿನ ಮಾತು ಪೂರ್ತಿ ನಿಂತಾಗ ಗಾಡಿನೂ ನಿಂತ್ಕೊಳ್ತು. ಅವುಕುಸೊಗೆ ಅದು ಗೊತ್ತಾಗೋ ದಾರಿನೇ ಇರ್ಲಿಲ್ಲ. ಸಭೆಗೆ ಇಷ್ಟು ಸಾಕಲ್ವಾ?"

"ತೊಳೆದೋರು ಯಾರು?" ಎಂದರು ಸಭೆಯ ಹಿರಿಯ ಲಾಫೊಂಗಾ.

"ಬೇಡ ಹಿರಿಯರೇ."

"ಒಂದು ಮನೆಯನ್ನ ಊರಿಂದ ಹೊರಗೆ ಹಾಕೋಕೆ ಹೊರಟಿದ್ವಿ ಫುವಾತಿನೊ. ಹೆಸರು ಬೇಕು."

ಅವಳು ಚಾಪೆಯನ್ನೇ ನೋಡುತ್ತ ನಿಧಾನವಾಗಿ ಹೇಳಿದಳು. "ಅದರಲ್ಲಿ ಮೀನಿತ್ತು ಅಂತ ಅವುಕುಸೊಗೇ ಗೊತ್ತಿರ್ಲಿಲ್ಲ. ನಾವೂ ಯಾರಿಗೂ ಹೇಳಿರ್ಲಿಲ್ಲ. ಆದ್ರೂ ಒಬ್ಬರು, ವಾಸನೆ ಇರ್ಲಿಲ್ಲ ಅಂತ ಸಮಾಧಾನಪಟ್ಟರು. ಇಲ್ಲದ ವಾಸನೆ ಯಾರಿಗೂ ನೆನಪಿರಲ್ಲ, ಅದನ್ನ ತಾನೇ ಹೋಗಲಾಡಿಸಿದೋರಿಗೆ ಬಿಟ್ಟು."

ಪೆಸಮಿನೊನ ಮುಖ ನೋಡಿದ ಲಾಂಗಿ ಕೂಡಲೇ ಕಣ್ಣು ತಿರುಗಿಸಿದಳು.

"ಹೋದ ತಿಂಗಳು ಪಾದ್ರಿಗಳ ಭಾನುವಾರದ ಊಟಕ್ಕೆ ವ್ಯಾನಲ್ಲಿ ಮೀನು ತಂದಿದ್ದೆ," ಎಂದ ಅವನು. ದನಿ ತೀರ ಸಣ್ಣದಾಗಿತ್ತು. "ಸೋಮವಾರ ಅವಳನ್ನ ತಪಾಸಣೆಗೆ ಕರ್ಕೊಂಡು ಹೋಗೋದಿತ್ತು. ಅದಕ್ಕೇ ತೊಳೆದೆ. ಆರು ಬಕೆಟ್ ಹುಯ್ದೆ. ನಾಲ್ಕು ಸಾಕಾಗಿತ್ತು. ಅವಳಿಗೆ ಕಷ್ಟ ಆಗದೇ ಇರ್ಲಿ ಅಂತ ಇನ್ನೆರಡು ಹುಯ್ದೆ."

ಬಹಿಷ್ಕಾರ ಹಿಂದಕ್ಕೆ ಪಡೆದದ್ದಾಯಿತು. ಟಿನೆಯಿ ಕಟ್ಟಿಟ್ಟ ಗಂಟುಗಳನ್ನು ಬಿಚ್ಚಲಿಲ್ಲ, ಅವುಗಳ ಮೇಲೇ ಕೂತು ಅತ್ತಳು. ಪೆಸಮಿನೊನಿಗೆ ಏನೂ ಶಿಕ್ಷೆ ಬೇಡವೆಂದು ಹಿರಿಯರು ಎದ್ದರು. ಅವನು ಬೇಕೆಂದು ಕೇಳಿದ, ಯಾರೂ ಕೊಡಲಿಲ್ಲ.

ಗುರುವಾರ ಬೆಳಕು ಹರಿದ ಮೇಲೆ ಲಾಂಗಿ ನೀರಿಗೆ ಹೊರಟಾಗ, ತೆಲೆಸಿಯಾಳ ಮನೆಯ ಮುಂದೆ ಕಲ್ಲುಹಾಸಿನ ಮೇಲೆ ಒಬ್ಬ ಮನುಷ್ಯ ತಲೆಯ ಮೇಲೆ ಮದುವೆಯಲ್ಲಿ ಬಂದ ನಯವಾದ ಹೆಣಿಗೆಯ ಚಾಪೆ ಹೊದ್ದು ಬಾಗಿ ಕೂತಿದ್ದ. ಊರಲ್ಲಿ ಜೀವ ಹೋದ ತಪ್ಪಿಗೆ ಕ್ಷಮೆ ಬೇಡುವುದು ಹಾಗೆಯೇ. ನೊಂದ ಮನೆಯವರು ಎದ್ದು ಬಂದು ಚಾಪೆ ತೆಗೆದರೆ ಕ್ಷಮಿಸಿದಂತೆ. ಹೊರಗಿನವರು ಮುಟ್ಟುವಂತಿಲ್ಲ.

ದೊಡ್ಡಮ್ಮ ಬಂದು ಲಾಂಗಿಯ ಪಕ್ಕ ನಿಂತಳು. ಬಿಸಿಲು ಏರಿತು. ಚಾಪೆ ಅಲುಗಲಿಲ್ಲ. ಅದು ಪೆಸಮಿನೊನದೇ ಮನೆ. ಒಳಗೆ ಯಾರೂ ಇರಲಿಲ್ಲ.