ನಾಲ್ಕು ಬೆರಳು ಎತ್ತರ

“ಯಾರನ್ನ ಕೇಳಿ ಈ ಪೈಪು ಎತ್ತರ ಮಾಡೀರಿ?”

ಪರಿಮಳಾಳ ದನಿಗೆ ಬೋಲ್ಟು ಬಿಗಿಯುತ್ತಿದ್ದ ಕಾಂತೇಶನ ಕೈಯ ಪಾನಾ ಅಲ್ಲೇ ನಿಂತಿತು.

ಶಹಾಪುರದ ಆ ಗ್ಯಾರೇಜಿನ ನಡುವೆ ಹಳೆಯ ಮಿಲಿಟರಿ ಜೀಪು ಹೊಸ ಹಸಿರು ಬಣ್ಣದಲ್ಲಿ ನಿಂತಿತ್ತು. ಸೈನ್ಯದಲ್ಲಿ ಇಂಥದೇ ಗಾಡಿ ಓಡಿಸಿ ನಿವೃತ್ತನಾದ ಅವಳ ಅಪ್ಪ ಮರಿಲಿಂಗಪ್ಪ ಹರಾಜಿನಲ್ಲಿ ಹಿಡಿದು ತಂದ ಗುಜರಿ ಅದು. ಅದಕ್ಕೆ ಜೀವ ತುಂಬಿದವನು ಗ್ಯಾರೇಜಿನ ಮೆಕ್ಯಾನಿಕ್ ಕಾಂತೇಶ.

ಪಕ್ಕಕ್ಕೆ ಸಲಿಕೆ, ಕೊಡಲಿ ಸಿಕ್ಕಿಸುವ ಹಿಡಿಕೆಗಳು ಕೂತಿದ್ದವು. ಹಿಂದೆ ಪೆಟ್ರೋಲ್ ಕ್ಯಾನಿನ ಚೌಕಟ್ಟು. ಉಳಿದದ್ದು ಮೇಲಿನ ಪೈಪುಗಳಿಗೆ ಹೊದಿಸುವ ಕ್ಯಾನ್ವಾಸ್ ಟಾಪು. ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಪರಿಮಳಾ ಎರಡು ವಾರ ಸೂಜಿ ಮುರಿದುಕೊಂಡು ಅದನ್ನು ಹೊಲಿದು ತಂದಿದ್ದಳು.

ಈಗ ಹೊದಿಸಿ ನೋಡಿದರೆ... ನಾಲ್ಕು ಬೆರಳು ಗಿಡ್ಡ!

ನಾಳೆ ಸೋಮವಾರ ಅಪ್ಪ ಇದೇ ಜೀಪಿನಲ್ಲಿ ಅಬ್ಬೆತುಮಕೂರಿನ ಮಠಕ್ಕೆ ಹೊರಡಬೇಕು.

ಹೈದರಾಬಾದಿನಿಂದ ರೆಡಿಮೇಡ್ ಟಾಪು ತರಿಸೋಣ ಎಂದು ಮೊದಲ ದಿನವೇ ಕಾಂತೇಶ ಹೇಳಿದ್ದ. ಮಗಳೇ ಹೊಲಿಯುತ್ತಾಳೆ ಎಂದು ಅಪ್ಪ ಹಟ ಹಿಡಿದಿದ್ದ. ಕಾಂತೇಶನ ಆ ಮಾತು ಈಗ ಮುಳ್ಳಾಗಿ ಚುಚ್ಚಿತು. ‘ಅಂದ್ರ... ನನ್ನ ಕೆಲಸ ಕೆಡಲಿ ಅಂತ ಕಾದಿದ್ನೇನು?’

ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು. ಸುರಪುರದ ಕಾಂತೇಶನ ಮನೆಯಿಂದ ಅವನ ಸೋದರತ್ತೆ ಮಲ್ಲಾಬಾಯಿ ಬಂದು ತನ್ನನ್ನು ಹೆಣ್ಣು ಕೇಳಿ ಹೋಗಿದ್ದಳು. ಇಂದು ಸಂಜೆ ಉತ್ತರ ಹೇಳಬೇಕು. ಹೂಂ ಎನ್ನುವುದೆಂದು ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುವಾಗಲೇ ಮನಸ್ಸು ಗಟ್ಟಿ ಮಾಡಿದ್ದಳು. ತಾನು ಅಪ್ಪನ ಜೊತೆ ಅವನಿಗೂ ಬುತ್ತಿ ತಂದಾಗ ಕೈ ತೊಳೆದು, ಎರಡೂ ಕೈ ಚಾಚಿ ಇಸಿದುಕೊಳ್ಳುವ ಮನುಷ್ಯ ಇಂಥವನೇ?

“ಹೇಳ್ರಿ. ನನ್ನ ಅಳತಿ ತಪ್ಪಿತ್ತೇನು?”

“ಅಳತಿ ಬರೋಬರಿ ಇತ್ರಿ.”

“ಮತ್ತ?”

ಅವನು ಏನೋ ಹೇಳಹೋಗಿ ಬಾಗಿಲತ್ತ ನೋಡಿದ. ಮರಿಲಿಂಗಪ್ಪ ಬರುತ್ತಿದ್ದ.

ಪರಿಮಳಾ ಟಾಪು ಮಡಚತೊಡಗಿದಳು. ‘ಮಲ್ಲಾಬಾಯಿಗೆ ಬ್ಯಾಡ ಅಂದುಬಿಡ್ತೀನಿ...’

ಗ್ಯಾರೇಜಿಗೆ ಬಂದೊಡನೆ, ಎಣ್ಣೆ ತಾಗದಿರಲೆಂದು ತಲೆಯ ರುಮಾಲು ತೆಗೆದು ಮೊಳೆಗೆ ಹಾಕುವುದು ಅಪ್ಪನ ರೂಢಿ. ಇಂದು ತೆಗೆಯಲಿಲ್ಲ. ಒಗೆದ ಬಿಳಿ ರುಮಾಲು ಸುತ್ತಿಕೊಂಡೇ ಜೀಪು ಹತ್ತಿ, ಬೆನ್ನು ನೆಟ್ಟಗೆ ಮಾಡಿ ಕುಳಿತ. ರುಮಾಲಿಗೂ ಮೇಲಿನ ಪೈಪಿಗೂ ನಡುವೆ ಒಂದೇ ಬೆರಳು ಜಾಗ.

“ಅರೆ, ಇವತ್ತು ತಲಿ ತಾಗವಲ್ದು. ಮೊನ್ನಿ ರುಮಾಲು ಸುತ್ತಿ ಬಗ್ಗಿ ಕುಂತಿದ್ದೆ ನೋಡವ್ವ. ನಿನಗ ಹೇಳಬ್ಯಾಡ ಅಂತ ಇವಗ ಆಣಿ ಹಾಕಿದ್ದೆ. ಕೇಳಿದ್ರ ಎಲ್ಲಾ ಬಿಚ್ಚಿ ಮತ್ತ ಹೊಲಿತಿದ್ದಿ. ಮಠಕ್ಕ ಬರಿತಲಿಲೇ ಹೋದ್ರಾತು ಅಂದುಕೊಂಡಿದ್ದೆ.”

ಪರಿಮಳಾಳ ಕೈ ಟಾಪಿನ ಮಡಿಕೆಯಲ್ಲೇ ಉಳಿಯಿತು. ಅಪ್ಪನನ್ನು ಬರಿತಲೆಯಲ್ಲಿ ಕೂರಿಸಿ ಟಾಪಿನ ಎತ್ತರದ ಅಳತೆ ತೆಗೆದವಳು ತಾನೇ! ರುಮಾಲಿಲ್ಲದೆ ಮಠದ ಹೊಸ್ತಿಲು ತುಳಿಯದ ಅಪ್ಪ...

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕಣ್ಣು ತುಂಬಿತು, ನಗುವೂ ಬಂತು.

ಕಾಂತೇಶ ಮೆಲ್ಲಗೆ ಒಂದು ಪೊಟ್ಟಣ ಮುಂದಿಟ್ಟ. ಯಾದಗಿರಿಗೆ ಹೋಗಿ ತಂದ ಅದೇ ಬಣ್ಣದ ಕ್ಯಾನ್ವಾಸ್.

ಅಪ್ಪ ಚಹಾಕ್ಕೆ ಹೋದ. ಜೀಪಿನ ನೆರಳಲ್ಲಿ ಕುಳಿತು ಅವಳು ಟಾಪಿಗೆ ಪಟ್ಟಿ ಕೂಡಿಸತೊಡಗಿದಳು. ಇನ್ನೊಂದು ತುದಿ ಅವನು ಹಿಡಿದಿದ್ದ.

“ನನಗರೆ ಹೇಳಬಾರದಾಗಿತ್ತೇನ್ರಿ?”

“ಮಾವಗ ಮಾತು ಕೊಟ್ಟಿದ್ದೆ...”

ಸೂಜಿ ನಿಂತಿತು. “ನಿನ್ನಿ ತನಕ ಕಾಕಾ ಅಂತಿದ್ರಿ. ಮಾವ ಯಾವಾಗ ಆದ್ರು?”

ಅವನ ಕಿವಿ ಕೆಂಪಾಯಿತು. “ಅದು ಸಂಜಿಗೆ ನೀವು ಹೇಳೂದರ ಮ್ಯಾಲೈತ್ರಿ.”

ಅವಳು ದಾರ ಕಡಿದಳು. “ಸಂಜಿ ತನಕ ಯಾಕ... ಹೂಂ ಅಂದೀನಿ. ಆದ್ರ ಇನ್ನ ಮ್ಯಾಲೆ, ಅಪ್ಪ ಬ್ಯಾಡಂದ್ರೂ ನನಗ ಹೇಳಬೇಕು.”

“ಹೇಳ್ತೀನ್ರಿ.”

“ರಿ ಬ್ಯಾಡ.”

ಅವನು ಹಿಡಿದ ತುದಿಯನ್ನು ಇನ್ನಷ್ಟು ಹತ್ತಿರ ತಂದ.

“ಹೇಳ್ತೀನಿ... ಪರಿಮಳಾ.”