ಎಂಟಿಲ್ಲದ ಸಂಖ್ಯೆ

ಹಿತ್ತಲಲ್ಲಿ ಕೆಮ್ಮು ಕೇಳಿದ್ದೇ ಮುನಿರತ್ನ ಒನಕೆ ಬಿಟ್ಟು ಸೆರಗು ಸರಿಮಾಡಿಕೊಂಡಳು. "ಬಂದೆ ಅಪ್ಪಾ!"

ಗೋಡೆಯ ಹಿಂದಿನಿಂದ ಇಣುಕಿದ್ದು ಅಪ್ಪನಲ್ಲ, ಸೋದರತ್ತೆ ಮಗ ಆವಲಪ್ಪ. ಬೆಂಗಳೂರಿನ ಕಾಲೇಜಿನಿಂದ ರಜಕ್ಕೆ ನಂದಗುಡಿಗೆ ಬಂದಿದ್ದ.

"ಥೂ ಬಾವ! ಜೀವಾನೇ ಹೋಗಿತ್ತು."

"ಮಾವನ ಕೆಮ್ಮು ಮಾವನಿಗಿಂತ ನಂಗೇ ಚೆನ್ನಾಗಿ ಬರುತ್ತೆ. ಮಗಳನ್ನ ಮಾತ್ರ ಕೊಡಲ್ಲ ಅಂತಾನೆ."

ಕಾರಣ ಊರಿಗೆಲ್ಲ ಗೊತ್ತಿತ್ತು. ಆವಲಪ್ಪ ತಾಯಿಗೆ ಎಂಟನೆಯ ಮಗ. ಎಂಟನೆಯ ಗಂಡು ಸೋದರಮಾವನಿಗೆ ಆಗಿಬರುವುದಿಲ್ಲ. ಕಂಸನ ಗತಿ ಏನಾಯಿತು?

ಆವಲಪ್ಪ ಇದ್ದಿಲು ತಗೊಂಡು ಗೋಡೆಯ ಮೇಲೆ ಬರೆದ: ೧೨೩೪೫೬೭೯.

ನಾಲ್ಕನೇ ಕ್ಲಾಸು ಓದಿದ ರತ್ನಿ ತಕ್ಷಣ ಹಿಡಿದಳು. "ಎಂಟೆಲ್ಲೋ?"

"ನಿಮ್ಮಪ್ಪ ಓಡಿಸವ್ನೆ."

ಅವಳು ನಕ್ಕಳು. ಅವನು ಪ್ರೊಫೆಸರರ ಮೂಗಿನ ದನಿ ತೆಗೆದ. "ಇದನ್ನು ಒಂಬತ್ತರಿಂದ ಗುಣಿಸಿದರೆ ಒಂಬತ್ತು ಒಂದುಗಳು ಸಾಲಾಗಿ ನಿಲ್ಲುತ್ತವೆ. ಆ ಸಾಲನ್ನು ನಿಮಗಿಷ್ಟವಾದ ಅಂಕಿಯಿಂದ ಗುಣಿಸಿ. ಸಾಲು ಪೂರ್ತಿ ಅದೇ ಅಂಕಿ! ಹೇಳಿ ಕುಮಾರಿಯವರೇ, ಯಾವುದಿಷ್ಟ?"

ರತ್ನಿ ಅವನ ಕಣ್ಣು ನೋಡಿದಳು, ತುಟಿ ನೋಡಿದಳು, ಆಮೇಲೆ ಒರಳು ನೋಡಿದಳು.

"ನಾಲ್ಕು."

ಎಂಟು ಅಂತಾಳೆ ಅಂತ ಕಾದಿದ್ದ ಆವಲಪ್ಪ ಮುಖ ಊದಿಸಿಕೊಂಡು ನಾಲ್ಕುಗಳ ಸಾಲು ಬರೆದ. ಅವಳು ಸೆರಗಿನ ತುದಿ ಕಚ್ಚಿಕೊಂಡು ನಗು ತಡೆದಳು.

ಎರಡನೇ ಮಹಾಯುದ್ಧ ಮುಗಿದ ವರ್ಷ ಮಾವ ದೊಡ್ಡಮುನಿಯಪ್ಪ ತಾನೇ ಸೋತ. "ಪುರಾಣ ಹಾಳಾಗ್ಲಿ ಕಣ್ಲಾ. ಅಕ್ಕನ ಮಗನ್ನ ಬಿಟ್ಟು ಇನ್ಯಾರಿಗೆ ಕೊಡ್ಲಿ?" ಎಲೆ ಅಡಿಕೆ ಬದಲಾಯಿಸಿ ಮಾತಾಯಿತು.

ಅವತ್ತು ಸಂಜೆ ಜಗಲಿಯ ಕಡೆಯಿಂದ ಕೆಮ್ಮು ಕೇಳಿತು. ಹೂ ಕಟ್ಟುತ್ತಿದ್ದ ರತ್ನಿ ತಲೆ ಎತ್ತದೆ ನಕ್ಕಳು. "ಸಾಕು ನಿಲ್ಸು ಬಾವ."

ಬಾವ ಎದುರಿಗೇ ಕೂತಿದ್ದ, ಬಾಯಿ ಮುಚ್ಚಿಕೊಂಡು.

ಕೆಮ್ಮು ನಿಲ್ಲಲಿಲ್ಲ. ಮಾವನ ಟವೆಲಿನಲ್ಲಿ ರಕ್ತವಿತ್ತು. ಹೊಸಕೋಟೆಯ ಡಾಕ್ಟರು ಕ್ಷಯ ಅಂದರು.

ಮುಂದಿನ ವಾರ ಹಿತ್ತಲಲ್ಲಿ ರತ್ನಿ ಹೇಳಿದಳು: "ಬ್ಯಾಡ ಬಾವ."

"ಮಾವ ಈಗ್ಲೂ ಹೂಂ ಅಂತಾನೇ ಇದ್ದಾನೆ ಕಣೇ."

"ಅಪ್ಪ ಅಂತಾನೆ. ನಾನೇ ಒಲ್ಲೆ."

"ಕ್ಷಯ ಅಕ್ಕನ ಮಕ್ಕಳನ್ನ ಎಣಿಸಿಕೊಂಡು ಬರುತ್ತಾ ರತ್ನಿ?"

"ಇಲ್ಲ ಅಂತ ಗೊತ್ತು. ಕೆಮ್ಮು ಕೇಳ್ಸಿದಾಗ ಗೊತ್ತಿರಲ್ಲ." ಅವಳು ಮೂಗೊರೆಸಿಕೊಂಡಳು. "ಅಪ್ಪ ಹೋದ್ರೆ, ಒಂದಲ್ಲ ಒಂದಿನ ಅನ್ನ ಬಡಿಸ್ತಾ ಬಡಿಸ್ತಾ 'ನಿನ್ನಿಂದ' ಅಂದ್ಬಿಡ್ತೀನಿ. ಆ ಮಾತು ನನ್ ಬಾಯಲ್ಲಿ ಬರೋದ್ ಬ್ಯಾಡ."



ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಟ ಆವಲಪ್ಪ ಹಿತ್ತಲು ಸುತ್ತಿಕೊಂಡು ಬಂದ. ಮಾಸಿದ ನಾಲ್ಕುಗಳ ಕೆಳಗೆ ಹೊಸ ಇದ್ದಿಲು, ರತ್ನಿಯ ಸೊಟ್ಟ ಅಕ್ಷರ. ಗೋಡೆಯುದ್ದಕ್ಕೂ ೮೮೮೮೮೮೮೮೮.

ಅವನು ಕೊನೆಯ ಅಂಕಿಯ ಮೇಲೆ ಬೆರಳಿಟ್ಟ. ಇದ್ದಿಲು ಇನ್ನೂ ಕೈಗೆ ಹತ್ತುತ್ತಿತ್ತು.

ಒಳಗಿನಿಂದ ಕೆಮ್ಮು ಬಂತು.

"ಬಂದೆ ಅಪ್ಪಾ," ಅಂದಳು ರತ್ನಿ.

ಅವಳ ಹೆಜ್ಜೆ ಸದ್ದು ಒಳಕೋಣೆ ಸೇರುವವರೆಗೆ ಆವಲಪ್ಪ ಗೋಡೆಗೆ ಒರಗಿ ನಿಂತ, ತನ್ನ ಗಂಟಲಿಂದ ಒಂದು ಸದ್ದೂ ಹೊರಡದ ಹಾಗೆ ಉಸಿರು ಬಿಗಿಹಿಡಿದು.